ಲಿಫ್ಟಿನೊಳಗಿನ ಎರಡು ನೋಟಿಸು

ಬೆಂಗಳೂರಿನ ಹೊರವರ್ತುಲ ರಸ್ತೆಯಾಚೆಯ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕಳೆದ ವಾರ ಎರಡು ನೋಟಿಸುಗಳು ಅಕ್ಕಪಕ್ಕ ಅಂಟಿಕೊಂಡಿದ್ದವು. ಮೊದಲನೆಯದು: ಗುರುವಾರ ರಾತ್ರಿ ಒಂಬತ್ತೂವರೆಯಿಂದ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳಿ, ಬಿ ಬ್ಲಾಕಿನ ಏಳನೇ ಮಹಡಿಯ ಸಜ್ಜಾದ ಹೆಜ್ಜೇನಿಗೆ ಔಷಧ ಹೊಡೆಯಲಾಗುವುದು. ಎರಡನೆಯದು: ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಶ್ವ ಜೇನುನೊಣ ದಿನದ ಅಂಗವಾಗಿ ಮಕ್ಕಳಿಗೆ ಚಿತ್ರಸ್ಪರ್ಧೆ, ವಿಷಯ ‘ಜೇನು ಉಳಿಸಿ’. ಎರಡರ ಕೆಳಗೂ ಒಬ್ಬರದೇ ಸಹಿ. ಎರಡನ್ನೂ ಓದಿಕೊಂಡೇ ಜನ ಹತ್ತಿದರು, ಇಳಿದರು. ಯಾರಿಗೂ ಕೆಮ್ಮು ಕೂಡ ಬರಲಿಲ್ಲ.

ರಾತ್ರಿಯೇ ಯಾಕೆ? ಹಗಲು ಹೊಡೆದರೆ ಹೂವಿಗೆ ಹೋದವು ಉಳಿದುಬಿಡುತ್ತವೆ. ಕತ್ತಲಾದ ಮೇಲೆ ಇಡೀ ಸಂಸಾರ ಎರಿಯ ಮೇಲೇ ಇರುತ್ತದೆ. ಆ ಲೆಕ್ಕಾಚಾರದಲ್ಲಿ ಕಂಪನಿಯವರು ಪಕ್ಕಾ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಈ ಅಂಕಣಕಾರ ಹಾಲು ತರಲು ಇಳಿದಾಗ ಪೋರ್ಟಿಕೋದಲ್ಲಿ ಕಸ ಗುಡಿಸುವ ಹೆಂಗಸು ನಾಲ್ಕನೇ ಸಲ ಮೊರ ತುಂಬುತ್ತಿದ್ದರು. ಗುಡ್ಡೆಯ ಅಡಿಯಲ್ಲಿದ್ದವು ಸತ್ತಿದ್ದವು, ಮೇಲಿನವು ಇನ್ನೂ ಬೆನ್ನ ಮೇಲೆ ಮಲಗಿ ಕಾಲು ಬಡಿಯುತ್ತಿದ್ದವು. ಮೊರದಷ್ಟೇ ಅಗಲದ ಎರಿಯ ತುಂಡೊಂದು ಬಿದ್ದು ಒಡೆದು, ಟೈಲ್ಸಿನ ಸಂದಿಯಲ್ಲಿ ತುಪ್ಪ ಹರಿದಿತ್ತು. ಇರುವೆ ಮಾತ್ರ ಒಂದೂ ಹತ್ತಿರ ಸುಳಿದಿರಲಿಲ್ಲ. ಆ ತುಪ್ಪದಲ್ಲಿ ಏನಿದೆಯೆಂದು ಇರುವೆಗೆ ಗೊತ್ತಾಗಿತ್ತು. “ನಮ್ಮೂರಲ್ಲಿ ಹೊಗೆ ಹಾಕ್ತಾರೆ ಸಾರ್, ವಿಷ ಹಾಕಲ್ಲ” ಎಂದಷ್ಟೇ ಹೇಳಿ ಆಕೆ ಕಪ್ಪು ಚೀಲದ ಬಾಯಿ ಕಟ್ಟಿದರು.

ಹೆಜ್ಜೇನು ತಮಾಷೆಯ ವಸ್ತುವಲ್ಲ, ಒಪ್ಪಿಕೊಳ್ಳೋಣ. ಜಾತ್ರೆಯಲ್ಲಿ, ಶಾಲೆಯ ಮೈದಾನದಲ್ಲಿ ಅದು ಎದ್ದು ಜನ ಆಸ್ಪತ್ರೆ ಸೇರಿದ, ಪ್ರಾಣ ಬಿಟ್ಟ ಸುದ್ದಿಯನ್ನು ಓದುಗರು ಪ್ರತಿವರ್ಷ ಓದುತ್ತಾರೆ. ಆದರೆ ಅದು ಸುಮ್ಮಸುಮ್ಮನೆ ಏಳುವುದಿಲ್ಲ. ಯಾರೋ ಕಲ್ಲು ಹೊಡೆದಿರುತ್ತಾರೆ, ಅಡಿಯಲ್ಲಿ ಬೆಂಕಿ ಹಾಕಿರುತ್ತಾರೆ, ಇಲ್ಲವೇ ಜೇನುಗಿಡುಗ ಎರಗಿರುತ್ತದೆ. ಒಂದು ಕಚ್ಚಿದರೆ ಮುಳ್ಳಿನ ಬುಡದಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ. ಉಳಿದವಕ್ಕೆ ಅದೇ ಕರೆಗಂಟೆ. ಅಂಥ ಹೊತ್ತಲ್ಲಿ ಕೈ ಬೀಸಬಾರದು, ಮುಖ ಮುಚ್ಚಿಕೊಂಡು ಓಡಿ ಒಳಗೆ ಸೇರಬೇಕು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು, ಏಕೆಂದರೆ ಹುಳು ಹಾರಿಹೋದ ಮೇಲೂ ಅದು ವಿಷ ಒತ್ತುತ್ತಲೇ ಇರುತ್ತದೆ. ಇಷ್ಟನ್ನು ಬರೆದು ಲಿಫ್ಟಿನಲ್ಲಿ ಅಂಟಿಸಿದ್ದರೆ ಮೂರನೇ ನೋಟಿಸು ಆಗುತ್ತಿತ್ತು.

ಸಂಘದ ಸಭೆಯಲ್ಲಿ ಬಂದ ದೂರು ಕಚ್ಚಿತೆಂದಲ್ಲ. ಬೆಳಗಾದರೆ ಕಾರಿಡಾರಿನ ದೀಪದಡಿ ಹುಳು ಸತ್ತು ಬಿದ್ದಿರುತ್ತವೆ, ಮಕ್ಕಳು ತುಳಿಯುತ್ತಾರೆ ಎಂದು. ಹೆಜ್ಜೇನು ಬೆಳದಿಂಗಳಲ್ಲೂ ಮೇಯಲು ಹೋಗಬಲ್ಲ ಜೇನು. ಕಣ್ಣು ಕೋರೈಸುವ ಬಿಳಿ ಎಲ್‌ಇಡಿಯನ್ನು ರಾತ್ರಿಯಿಡೀ ಉರಿಸಿದರೆ ಅದು ಬಂದು ಮುತ್ತುತ್ತದೆ, ಸುತ್ತಿ ಸುತ್ತಿ ಸುಸ್ತಾಗಿ ಬೀಳುತ್ತದೆ. ತಪ್ಪು ದೀಪದ್ದು. ಪಕ್ಕದ ಸಿ ಬ್ಲಾಕಿನಲ್ಲಿ ಹೋದ ವರ್ಷ ನೀರಿನ ಟ್ಯಾಂಕಿಗೆ ಹುಟ್ಟು ಕಟ್ಟಿದಾಗ ಅಲ್ಲಿನ ನಿವೃತ್ತ ಲೈನ್‌ಮನ್ ಒಬ್ಬರು ಎರಡು ಬಲ್ಬ್ ಬದಲಿಸಿ ಹಳದಿ ಹಾಕಿಸಿದರು, ದೀಪಕ್ಕೆ ತಗಡಿನ ಮರೆ ಕಟ್ಟಿದರು, ತಾರಸಿಯ ಬಾಗಿಲಿಗೆ ಬೀಗ ಜಡಿದು ಗಾಳಿಪಟದ ಹುಡುಗರನ್ನು ಓಡಿಸಿದರು. ಒಟ್ಟು ಖರ್ಚು ಮುನ್ನೂರೈವತ್ತು ರೂಪಾಯಿ. ಹೂವಿನ ಕಾಲ ಮುಗಿಯುತ್ತಲೇ ಜೇನು ತಾನೇ ಎದ್ದು ಹೋಯಿತು. ಹೆಜ್ಜೇನು ವಲಸೆಗಾರ, ಗುತ್ತಿಗೆ ಬರೆಸಿಕೊಂಡು ಕೂರುವುದಿಲ್ಲ. ಆದರೆ ಅದೇ ಮರ, ಅದೇ ಸಜ್ಜಾ ಹುಡುಕಿಕೊಂಡು ಮತ್ತೆ ಬರುವ ಚಾಳಿ ಅದಕ್ಕಿದೆ.

ಚಿತ್ರಸ್ಪರ್ಧೆಯ ದಿನ ಸ್ವಾಗತ ಭಾಷಣ ಶುರುವಾದದ್ದು ಐನ್‌ಸ್ಟೈನ್‌ನಿಂದ. ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ ಎಂದು ಅವರು ಹೇಳಿದ್ದರಂತೆ. ಮಹಾತ್ಮರ ಹೆಸರಿನಲ್ಲಿ ತಿರುಗುವ ಮಾತುಗಳ ಜಾತಕ ಹುಡುಕುವುದು ಈ ಅಂಕಣಕಾರನ ಹಳೆಯ ಚಟ. ಓದುಗರು ಬೇಸರಿಸಿಕೊಂಡು ಕಾಗದ ಬರೆದದ್ದೂ ಉಂಟು. ಆದರೂ ಹೇಳಲೇಬೇಕು: ಐನ್‌ಸ್ಟೈನ್ ಇದನ್ನು ಹೇಳಿದ ಪುರಾವೆ ಎಲ್ಲೂ ಇಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ಮಾತು ಜನಪ್ರಿಯವಾದದ್ದು 1994ರಲ್ಲಿ, ಬ್ರಸೆಲ್ಸ್‌ನಲ್ಲಿ ಫ್ರಾನ್ಸಿನ ಜೇನುಸಾಕಣೆಗಾರರು ಪ್ರತಿಭಟನೆಯಲ್ಲಿ ಹಂಚಿದ ಕರಪತ್ರದಿಂದ. ಲೆಕ್ಕವೂ ತಪ್ಪು. ಯುರೋಪಿನವರು ಹಡಗಿನಲ್ಲಿ ಹೊತ್ತು ತರುವವರೆಗೆ, ಅಂದರೆ 1620ರ ದಶಕದವರೆಗೆ, ಉತ್ತರ ಅಮೆರಿಕದಲ್ಲಿ ಈ ಜೇನುನೊಣವೇ ಇರಲಿಲ್ಲ. ಅಲ್ಲಿನ ಜನ ಮೆಕ್ಕೆಜೋಳ ತಿಂದುಕೊಂಡು ಸಾವಿರಾರು ವರ್ಷ ಚೆನ್ನಾಗಿಯೇ ಇದ್ದರು.

ಭತ್ತಕ್ಕೆ, ರಾಗಿಗೆ, ಜೋಳಕ್ಕೆ ಜೇನಿನ ಹಂಗಿಲ್ಲ. ಜೇನು ಹೋದರೆ ಮುದ್ದೆ ಉಳಿಯುತ್ತದೆ, ಹೋಗುವುದು ಸಾರು. ಕುಂಬಳದ ಗಂಡುಹೂವು ಹೆಣ್ಣುಹೂವು ಬೇರೆ ಬೇರೆ. ಬೆಳಗಿನ ಜಾವ ಅರಳಿದ್ದು ಬಿಸಿಲೇರುವಾಗ ಮುದುಡಿಕೊಳ್ಳುತ್ತದೆ. ಆ ನಾಲ್ಕಾರು ಗಂಟೆಯಲ್ಲಿ ಯಾರಾದರೂ ಪರಾಗ ಹೊತ್ತು ತರದಿದ್ದರೆ ಪುಟ್ಟ ಕಾಯಿ ಹಳದಿಯಾಗಿ ಉದುರಿತು ಅಂತಲೇ. ಹಾಗಲ, ಕಲ್ಲಂಗಡಿಯದೂ ಇದೇ ಕಥೆ. ಸೌತೆಕಾಯಿ ಒಂದು ಕಡೆ ದಪ್ಪಗಾಗಿ ಇನ್ನೊಂದು ಕಡೆ ಸುರುಟಿಕೊಂಡರೆ ಅನೇಕ ಸಲ ಜೇನಿನ ಭೇಟಿ ಸಾಲದೆ ಬಂದ ಊನ ಅದು. ಗ್ರಾಹಕರು ಅದನ್ನು ಪಕ್ಕಕ್ಕೆ ತಳ್ಳಿ ನೆಟ್ಟಗಿರುವುದನ್ನು ಆರಿಸುತ್ತಾರೆ. ಒಗ್ಗರಣೆಯ ಸಾಸಿವೆಗೂ ಹುಳಿಪುಡಿಯ ಕೊತ್ತಂಬರಿಗೂ ಇದೇ ಹುಳದ ಋಣ ಇದೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಸ್ವಲ್ಪವಾದರೂ ಪ್ರಾಣಿ-ಕೀಟಗಳ ಪರಾಗಸ್ಪರ್ಶ ಬೇಕು. ತೂಕದ ಲೆಕ್ಕದಲ್ಲಿ ಆ ಬೆಳೆಗಳ ಪಾಲು ಶೇ. 35ರಷ್ಟು. ಹೆದರಿಸಲು ಇಷ್ಟು ಸಾಕು, ಐನ್‌ಸ್ಟೈನ್ ಬೇಕಿಲ್ಲ.

ವಿಚಿತ್ರವೆಂದರೆ ಜೇನಿನ ವಿಷಯದಲ್ಲಿ ಐನ್‌ಸ್ಟೈನ್ ಏನೂ ಹೇಳದಿದ್ದರೂ ನ್ಯೂಟನ್ ಏನೋ ಮಾಡಿದ್ದಾರೆ. ಸೇಬಿನ ನ್ಯೂಟನ್ ಅಲ್ಲ, ತಿರುಚಿರಾಪಳ್ಳಿ ಕಡೆಯ ಪಾದ್ರಿ ನ್ಯೂಟನ್. 1911ರಿಂದ 1917ರ ನಡುವೆ ಅವರು ನಮ್ಮ ತುಡುವೆ ಜೇನಿನ ಮೈಅಳತೆಗೆ ಒಪ್ಪುವ ಚಿಕ್ಕ ಪೆಟ್ಟಿಗೆ ರೂಪಿಸಿ ಹಳ್ಳಿಗರಿಗೆ ಕಲಿಸಿದರು. ದಕ್ಷಿಣದ ಹಿತ್ತಿಲುಗಳಲ್ಲಿ ಕಾಣುವ ‘ನ್ಯೂಟನ್ ಪೆಟ್ಟಿಗೆ’ ಅದೇ. ಅವರ ಹೆಸರಿನಲ್ಲಿ ಫಾರ್ವರ್ಡ್ ಮೆಸೇಜು ಒಂದೂ ಇಲ್ಲ.

ಆ ಪೆಟ್ಟಿಗೆ ಹನ್ನೆರಡು, ಅಂಕಣಕಾರನ ಚಿಕ್ಕಪ್ಪನ ಸುಳ್ಯದ ಕಡೆಯ ತೋಟದಲ್ಲಿದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಹೊಕ್ಕಿತು. ಒಂದು ಬೆಳಿಗ್ಗೆ ಚಿಕ್ಕಪ್ಪ ಮುಚ್ಚಳ ತೆಗೆದು ಚೌಕಟ್ಟೆತ್ತಿ, ಚಿಮಟದಿಂದ ಒಂದು ಮರಿಹುಳು ಹಿಡಿದು ತೋರಿಸಿದರು. ಅದು ಹುಳುವಲ್ಲ, ನೀರು ತುಂಬಿದ ಚೀಲ. ತುದಿಯಿಂದ ಹನಿ ಇಳಿಬಿದ್ದಿತ್ತು. ಮಳೆಗಾಲಕ್ಕೆ ಮುಂಚೆ ಹನ್ನೆರಡೂ ಖಾಲಿ. ಕರಾವಳಿ, ಮಲೆನಾಡು, ಕೊಡಗು, ಕೇರಳ ಸೇರಿ ಸಾಕಿದ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ಆಗ ನಾಶವಾದವು. ಚಿಕ್ಕಪ್ಪನ ಪೆಟ್ಟಿಗೆಗಳಲ್ಲಿ ಎರಡು ಬಚ್ಚಲೊಲೆಗೆ ಹೋದವು, ಒಂದರಲ್ಲಿ ಹೇಂಟೆ ಕಾವಿಗೆ ಕೂತಿತು.

ಮತ್ತೆ ಜೇನು ಬಂದದ್ದು ಯಾವ ಇಲಾಖೆಯ ಗೋದಾಮಿನಿಂದಲೂ ಅಲ್ಲ. ಐದಾರು ವರ್ಷ ಕಳೆದು, ಗುಡ್ಡದ ಮೇಲಿನ ಹಳೇ ಹಲಸಿನ ಪೊಟರೆಯಲ್ಲಿ ಹೇಗೋ ಬದುಕಿಕೊಂಡ ಕುಟುಂಬವೊಂದು ಪಾಲಾಗಿ ತೋಟಕ್ಕಿಳಿಯಿತು. ಆ ರೋಗವನ್ನು ತಾಳಿಕೊಂಡ ಕಾಡುಕುಟುಂಬಗಳ ಸಂತತಿಯೇ ಎಷ್ಟೋ ಕಡೆ ಪೆಟ್ಟಿಗೆಗಳನ್ನು ತುಂಬಿತು. ಆ ಹಲಸು ಈಗಿಲ್ಲ. ರಸ್ತೆ ಅಗಲವಾಗಿದೆ.

ಸರ್ಕಾರಕ್ಕೆ ಜೇನೆಂದರೆ ಪೆಟ್ಟಿಗೆ. 2020ರಲ್ಲಿ ಕೇಂದ್ರ ‘ಸಿಹಿ ಕ್ರಾಂತಿ’ಗೆಂದು 500 ಕೋಟಿ ರೂಪಾಯಿ ಘೋಷಿಸಿತು. ಸಾಕುವವರಿಗೆ ದುಡ್ಡು ಸಿಕ್ಕರೆ ಸಂತೋಷವೇ. ಆದರೆ ದೊಡ್ಡ ಮಟ್ಟದ ಸಾಕಣೆ ನಡೆಯುವುದು 1960ರ ದಶಕದಲ್ಲಿ ನಮ್ಮ ನೆಲದಲ್ಲಿ ಬೇರೂರಿದ ಯುರೋಪಿನ ಮೆಲ್ಲಿಫೆರಾ ತಳಿಯ ಮೇಲೆ. ಅದನ್ನು ಸಾಕಿ ಜೇನು ಸಂಕುಲ ಉಳಿಸಿದೆ ಎನ್ನುವುದು, ಹಟ್ಟಿಯಲ್ಲಿ ಎಮ್ಮೆ ಕಟ್ಟಿ ಕಾಡುಕೋಣ ಉಳಿಸಿದೆ ಎಂದ ಹಾಗೆ. ಹೆಜ್ಜೇನನ್ನು ಯಾವ ಪೆಟ್ಟಿಗೆಯೂ ಹಿಡಿಯದು. ಪೊದೆಯ ಕೋಲುಜೇನಿಗೂ ಸಬ್ಸಿಡಿ ಅರ್ಜಿಯ ನಮೂನೆಯಲ್ಲಿ ಜಾಗ ಕಾಣೆ.

ಇನ್ನು ತುಪ್ಪದ ಮಾತು. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡುಗಳ ಜೇನುತುಪ್ಪವನ್ನು ಜರ್ಮನಿಯ ಪ್ರಯೋಗಾಲಯಕ್ಕೆ ಕಳಿಸಿದಾಗ ಎನ್‌ಎಂಆರ್ ಎಂಬ ಕಲಬೆರಕೆ ಪತ್ತೆ ಪರೀಕ್ಷೆ ಪಾಸಾದದ್ದು ಮೂರೇ. ಕಂಪನಿಗಳು ಅಲ್ಲಗಳೆದವು, ಜನ ಮರೆತರು. ಸಕ್ಕರೆ ಪಾಕದಿಂದ ಬಾಟಲಿ ತುಂಬಿಸಬಹುದೆಂದಾದ ಮೇಲೆ ಜೇನಾದರೂ ಯಾಕೆ ಬೇಕು?

ಏಳನೇ ಮಹಡಿಗೆ ಮರಳೋಣ. ನೋಟಿಸಿಗೆ ಸಹಿ ಹಾಕಿದವರು ಕಾಫಿ ಪ್ರಿಯರು, ಕೊಡಗಿನಿಂದಲೇ ಪುಡಿ ತರಿಸುತ್ತಾರೆ. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಹೂಮಳೆ ಬಿದ್ದು ವಾರ-ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಒಟ್ಟಿಗೆ ಬೆಳ್ಳಗಾಗುತ್ತದೆ, ಎರಡು-ಮೂರು ದಿನಕ್ಕೆ ಕಂದುತ್ತದೆ. ಗಾಳಿ ಸ್ವಲ್ಪ ನೆರವಾಗುತ್ತದೆ. ಆದರೆ ಅಷ್ಟು ಹೂವನ್ನು ಅಷ್ಟೇ ದಿನದಲ್ಲಿ ಮುಟ್ಟಲು ದೊಡ್ಡ ಪಡೆಯೇ ಬೇಕು. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಫಿ ಹೂವಿಗೆ ಅತಿ ಹೆಚ್ಚು ಬಂದ ಜೇನು ಯಾವುದು? ಹೆಜ್ಜೇನು. ಒಂದೊಂದು ಹುಟ್ಟಿನಲ್ಲೂ ಹತ್ತಾರು ಸಾವಿರ ಹುಳು, ಕೂಲಿಯಿಲ್ಲದ ಆಳುಗಳು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದನ್ನು ಯಾರೂ ಪಾಠ ಹೇಳಬೇಕಿಲ್ಲ. ಹೆಜ್ಜೇನಿನ ಎರಿಯಲ್ಲಿ ತುಪ್ಪ ಇರುವುದು ಮೇಲೆ, ಕೊಂಬೆಗೆ ಅಂಟಿಕೊಂಡ ಒಂದು ಮೂಲೆಯಲ್ಲಿ. ಕೆಳಗೆ ಇಳಿಬಿದ್ದ ಅರ್ಧಚಂದ್ರವೆಲ್ಲ ಮರಿಗಳ ತೊಟ್ಟಿಲು. ಬಲ್ಲವರು ತುಪ್ಪದ ಮೂಲೆಯನ್ನಷ್ಟೇ ಕೊಯ್ದು ತೊಟ್ಟಿಲು ಬಿಟ್ಟು ಇಳಿಯುತ್ತಾರೆ. ಹೊಗೆ ಹಿಡಿದು, ಹಾಡು ಹೇಳಿಕೊಂಡು, ಕತ್ತಲಲ್ಲಿ ಮರ ಹತ್ತುವ ಅವರಿಗೂ ರಾತ್ರಿಯೇ ಕೆಲಸದ ಹೊತ್ತು. ಬೆಳಗಾದಾಗ ಜೇನು ಅಲ್ಲೇ ಇರುತ್ತದೆ.

ಹೊಲದಲ್ಲೂ ಬೇಕಿರುವುದು ಇಷ್ಟೇ ವಿವೇಕ. ಸೂರ್ಯಕಾಂತಿ ಹೂ ಬಿಟ್ಟಾಗ ಬೆಳಿಗ್ಗೆ ಒಂಬತ್ತಕ್ಕೆ ಪಂಪ್ ಹೆಗಲಿಗೇರಿಸಿದರೆ ಸಾಯುವುದು ಕಾಯಿಕೊರಕದ ಜೊತೆಗೆ ಕಾಳು ಕಟ್ಟಿಸುವ ಜೇನೂ. ಕೊನೆಗೆ ತೆನೆಯ ನಡುವೆ ಬರೀ ಜೊಳ್ಳು. ಹೂವಿನ ಕಾಲದಲ್ಲಿ ಹೊಡೆಯದಿದ್ದರೆ ಒಳ್ಳೆಯದು. ಹೊಡೆಯಲೇಬೇಕೆಂದರೆ ಸಂಜೆ, ಜೇನು ಮನೆ ಸೇರಿದ ಮೇಲೆ. ಯುರೋಪಿನ ಒಕ್ಕೂಟ ಇಮಿಡಾಕ್ಲೋಪ್ರಿಡ್ ಸೇರಿ ಮೂರು ನಿಯೋನಿಕೋಟಿನಾಯ್ಡ್ ವಿಷಗಳನ್ನು 2018ರಲ್ಲಿ ಬಯಲು ಬೆಳೆಗಳಿಂದ ಹೊರಗಿಟ್ಟಿತು. ಇಲ್ಲಿ ಗೊಬ್ಬರದಂಗಡಿಯವನು ಅದನ್ನು ಕೇಳುವ ಮೊದಲೇ ಕೌಂಟರಿನ ಮೇಲಿಡುತ್ತಾನೆ.

ಚಿತ್ರಸ್ಪರ್ಧೆಗೆ ಹತ್ತೊಂಬತ್ತು ಮಕ್ಕಳು ಬಂದಿದ್ದರು. ಮೊದಲ ಬಹುಮಾನದ ಚಿತ್ರದಲ್ಲಿ ಸೇಬಿನ ಮರ, ಕೊಂಬೆಗೆ ನೇತುಬಿದ್ದ ಹಳದಿ ಗುಮ್ಮಟ, ಸುತ್ತ ನಗುವ ಹುಳುಗಳು. ಆ ಗುಮ್ಮಟ ಯುರೋಪಿನ ರೈತರು ಹುಲ್ಲು ಹೆಣೆದು ಜೇನಿಗೆಂದು ಮಾಡುತ್ತಿದ್ದ ಬುಟ್ಟಿ. ಅವರೂ ಅದನ್ನು ಬೋರಲು ಹಾಕಿ ಇಡುತ್ತಿದ್ದರೇ ಹೊರತು ಮರಕ್ಕೆ ನೇತುಹಾಕುತ್ತಿರಲಿಲ್ಲ. ಬಿ ಬ್ಲಾಕಿನ ಒಂದು ಹುಡುಗಿ ಮಾತ್ರ ಬಣ್ಣವನ್ನೇ ಮುಟ್ಟದೆ ಪೆನ್ಸಿಲಿನಲ್ಲಿ ಒಂದು ಸಜ್ಜಾ, ಅದರಡಿ ಕಪ್ಪಗೆ ತೂಗುವ ಅರ್ಧಚಂದ್ರ ಬರೆದಿದ್ದಳು. ಅವಳ ಕೋಣೆಯ ಕಿಟಕಿಯಿಂದ ಚಳಿಗಾಲದುದ್ದಕ್ಕೂ ಕಂಡದ್ದು ಅದೇ. ತೀರ್ಪುಗಾರರು ಅದನ್ನು ಬಾವಲಿ ಎಂದುಕೊಂಡರು. ಸಮಾಧಾನಕರ ಬಹುಮಾನವಾಗಿ ಅವಳಿಗೆ ಸಿಕ್ಕಿದ್ದು ಒಂದು ಬಾಟಲಿ ಜೇನುತುಪ್ಪ.

ಔಷಧ ಹೊಡೆದ ಕಂಪನಿ ಒಂದು ವರ್ಷದ ಗ್ಯಾರಂಟಿ ಬರೆದುಕೊಟ್ಟಿದೆ. ಬಿಲ್ಲು ನಾಲ್ಕೂವರೆ ಸಾವಿರ. ತಿಂಗಳ ಲೆಕ್ಕಪತ್ರ ನಿನ್ನೆ ಗ್ರೂಪಿಗೆ ಬಂದಿದೆ. ಚಿತ್ರಸ್ಪರ್ಧೆಯ ಕ್ರೇಯಾನು, ಸಮೋಸಾ, ಬಹುಮಾನದ ಖರ್ಚಿನ ಜೊತೆಗೆ ಆ ನಾಲ್ಕೂವರೆ ಸಾವಿರವನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ತೋರಿಸಿದ್ದಾರೆ: ‘ಜೇನು ದಿನಾಚರಣೆ ಬಾಬ್ತು’.