ಅಪರಾತ್ರಿಯ ವೈದ್ಯನ ಅಭ್ಯಾಸ



ವಿದ್ಯೆಯು ಒಮ್ಮೆ ಕೈಸೇರಿದರೆ ಕಡೆತನಕ ಉಳಿಯುವ ಸಂಪತ್ತೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕಳ್ಳರು ಅದನ್ನು ಕದಿಯಲಾರರು, ದಾಯಾದಿಗಳು ಪಾಲು ಕೇಳಲಾರರು ಎಂಬುದೂ ನಿಜವೇ. ಆದರೆ ಬಳಸದ ವಿದ್ಯೆಗೆ ತುಕ್ಕು ಹಿಡಿಯುತ್ತದೆ ಎಂಬ ಮಾತನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಮಠದ ಪಾಠಶಾಲೆಯಲ್ಲಿ ನಾವು ವ್ಯಾಕರಣ ಓದುತ್ತಿದ್ದ ಕಾಲದಲ್ಲಿ, ಒಂದು ತಿಂಗಳು ಆವೃತ್ತಿ ಮಾಡದ ಸೂತ್ರವು ಗುರುಗಳ ಎದುರು ನಿಂತಾಗ ನಾಲಿಗೆಗೆ ಬರುತ್ತಿರಲಿಲ್ಲ. ಅದರಿಂದ ಆಗುತ್ತಿದ್ದ ಹಾನಿಯಾದರೂ ಎಷ್ಟು? ಗುರುಗಳ ಒಂದು ಗದರಿಕೆ, ಅಷ್ಟೆ. ವೈದ್ಯನ ವಿದ್ಯೆ ಅಂಥದಲ್ಲ. ಅದರಲ್ಲಿಯೂ ತುರ್ತುಚಿಕಿತ್ಸೆಯ ಕೋಣೆಯಲ್ಲಿ ನಿಂತ ವೈದ್ಯನಿಗೆ ಗ್ರಂಥ ತೆರೆದು ನೋಡುವ ವ್ಯವಧಾನವೇ ಇರುವುದಿಲ್ಲ. ಆ ಗಳಿಗೆಯಲ್ಲಿ ಅವನ ನೆನಪು ತಪ್ಪಿದರೆ ಒಂದು ಮನೆಯ ದೀಪವೇ ನಂದೀತು.

ನಮ್ಮ ಬೇವೂರಿನ ಸುತ್ತಲಿನದು ಎರೆಭೂಮಿ. ಜೋಳ, ಕಡಲೆಗಳ ಸುಗ್ಗಿಯಲ್ಲಿ ರೈತರು ಹೊಲ-ಕಣಗಳಲ್ಲಿಯೇ ರಾತ್ರಿ ಕಳೆಯುವುದು ಹಿಂದಿನಿಂದ ಬಂದ ರೂಢಿ. 1970ರ ಆಸುಪಾಸಿನಲ್ಲಿ, ನಾನಿನ್ನೂ ಬಾಲಕನಾಗಿದ್ದಾಗ, ಕಣದಲ್ಲಿ ಮಲಗಿದ್ದ ಒಬ್ಬ ಆಳುಮಗನಿಗೆ ಹಾವು ಕಚ್ಚಿತು. ಹಿರಿಯರು ಮೊಣಕಾಲಿನ ಮೇಲೆ ಹಗ್ಗ ಬಿಗಿದರು. ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹರಿಯಿಸಿದರು. ಮಂತ್ರ ಹಾಕುವವನನ್ನು ಕರೆತಂದರು. ಕಡೆಗೆ ಚಕ್ಕಡಿ ಹೂಡಿಕೊಂಡು ಬಾಗಲಕೋಟೆಯತ್ತ ಹೊರಟಾಗ ಅರ್ಧದಾರಿಯಲ್ಲಿಯೇ ಉಸಿರು ನಿಂತಿತ್ತು. ಅಂದು ಬಿಗಿಕಟ್ಟು ಮತ್ತು ಕೊಯ್ತಗಳೇ ಪ್ರಥಮ ಚಿಕಿತ್ಸೆಯೆಂದು ಓದುಬರಹ ಬಲ್ಲವರೂ ನಂಬಿದ್ದರು. ಇಂದಿನ ವೈದ್ಯಶಾಸ್ತ್ರವು ಅವೆರಡನ್ನೂ ನಿಷೇಧಿಸಿದೆ. ಕಚ್ಚಿದ ಅಂಗವನ್ನು ಅಲುಗಿಸದಂತೆ ಪಟ್ಟಿ ಕಟ್ಟಿ, ಗಾಬರಿಪಡಿಸದೆ, ನೇರವಾಗಿ ದವಾಖಾನೆಗೆ ಒಯ್ಯಿರೆಂದು ಹೇಳುತ್ತದೆ. ನಿನ್ನೆಯ ಉಪಚಾರವು ಇಂದಿನ ಅಪಾಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಬ್ಬ ತರುಣ ವೈದ್ಯನು ನನ್ನನ್ನು ಕಾಣಲು ಬಂದಿದ್ದನು. ಪದವಿ ಪಡೆದು ಹೊರಬಂದ ವರ್ಷವೇ ದೂರದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ನಿಂತಿದ್ದವನು. ಬಹಳ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಹೇಳಿದನು: “ಅಜ್ಜಾರ, ಹಾವು ಕಚ್ಚಿದ ಹುಡುಗಿನ್ನ ರಾತ್ರಿ ಕರಕೊಂಡು ಬಂದಿದ್ರು. ಔಷಧ ಕಪಾಟಿನ್ಯಾಗ ಇತ್ತರಿ. ಕೊಡೂ ಧೈರ್ಯ ನನ್ನ ಕೈಯಾಗ ಇರಲಿಲ್ಲ. ಔಷಧ ಮೈಗೆ ಒಗ್ಗದ ಉಸಿರು ಕಟ್ಟಿದರ ಏನ್ ಮಾಡಬೇಕಂತ ಓದಿದ್ದೆ, ಕಣ್ಣಾರೆ ಒಮ್ಮಿನೂ ನೋಡಿರಲಿಲ್ಲ. ದೊಡ್ಡ ದವಾಖಾನಿಗೆ ಚೀಟಿ ಬರದು ಕಳಿಸಿದೆ. ಹಾದ್ಯಾಗ ಹೋದ್ಲರಿ.”

ಅವನನ್ನು ಸಂತೈಸಲು ನನ್ನಲ್ಲಿ ಮಾತಿರಲಿಲ್ಲ. ಆದರೆ ಆತನು ಅಷ್ಟಕ್ಕೇ ಕೈಚೆಲ್ಲಿ ಕೂಡಲಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ರಜೆ ಹಾಕಿ ದೊಡ್ಡ ಆಸ್ಪತ್ರೆಯೊಂದರ ತುರ್ತುಚಿಕಿತ್ಸಾ ವಿಭಾಗದಲ್ಲಿ ಹಿರಿಯರ ಬೆನ್ನಹಿಂದೆ ನಿಂತು ಕಲಿತನು. ರಬ್ಬರಿನ ಬೊಂಬೆಯ ಮೇಲೆ ಉಸಿರುನಳಿಗೆ ಇಳಿಸುವುದನ್ನು ಕೈ ಪಳಗುವ ತನಕ ಮಾಡಿದನು. ಅವನು ವಿವರಿಸಿದ ಕೆಲವು ಸಂಗತಿಗಳನ್ನು ವಾಚಕರೂ ತಿಳಿದಿರುವುದು ಒಳಿತು.

ನಮ್ಮ ದೇಶದಲ್ಲಿ ದೊರೆಯುವ ವಿಷನಿರೋಧಕ ಔಷಧವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಸಲ್ಲುತ್ತದೆ. ಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಅದನ್ನು ಅರಿಯಲು ದೊಡ್ಡ ಯಂತ್ರವೇನೂ ಬೇಡ. ಶುಚಿಯಾದ ಒಣ ಗಾಜಿನ ಕೊಳವೆಯಲ್ಲಿ 2 ಮಿಲಿಲೀಟರಿನಷ್ಟು ರಕ್ತ ತೆಗೆದು, 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆಮಾಡಿ ನೋಡಬೇಕು. ರಕ್ತವು ನೀರಾಗಿಯೇ ಹರಿದರೆ ವಿಷ ಏರಿದೆಯೆಂದು ಅರ್ಥ. ಆದರೆ ಕೊಳವೆಯನ್ನು ಸಾಬೂನಿನ ಪುಡಿಯಿಂದ ತೊಳೆದಿದ್ದರೆ, ಅಥವಾ ಅದು ಪ್ಲಾಸ್ಟಿಕ್ಕಿನದಾಗಿದ್ದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಇಂಥ ಸೂಕ್ಷ್ಮವನ್ನು ಕೈಯಿಂದ ಮಾಡಿ ಕಲಿತವನು ಮರೆಯಲಾರನು. ಕಟ್ಟುಹಾವಿನದು ಇನ್ನೊಂದು ಬಗೆ. ಅದು ನಿದ್ದೆಯಲ್ಲಿರುವವರನ್ನು ಕಚ್ಚುತ್ತದೆ. ನೋವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ಬಾಡಿದ ಕಣ್ಣುರೆಪ್ಪೆ. ನೋಡಲರಿಯದ ವೈದ್ಯನು ಅಜೀರ್ಣಕ್ಕೆ ಔಷಧ ಕೊಟ್ಟು ಕಳಿಸಿಯಾನು. ನೋಡಬಲ್ಲವನು ಉಸಿರಾಟಕ್ಕೆ ಆಸರೆ ಸಿದ್ಧಪಡಿಸುವನು. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣದ ವಿಷನಿರೋಧಕ ಬೇಕು; ಏಕೆಂದರೆ ಮಗುವೆಂದು ಹಾವು ವಿಷವನ್ನು ಕಡಿಮೆ ಸುರಿಯುವುದಿಲ್ಲ. ಹಿಂದೆ ಚರ್ಮದ ಮೇಲೆ ಪರೀಕ್ಷಾ ಚುಚ್ಚುಮದ್ದು ಹಾಕಿ ನೋಡುವ ಪದ್ಧತಿಯಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ಈಗ ಕೈಬಿಡಲಾಗಿದೆ. ಬದಲಿಗೆ ಅಡ್ರಿನಲಿನ್ ಔಷಧವನ್ನು ಪಕ್ಕದಲ್ಲಿಟ್ಟುಕೊಂಡೇ ಚಿಕಿತ್ಸೆ ಆರಂಭಿಸಬೇಕೆಂದು ನಿಯಮ.

ಹಾವಿನ ವಿಷಯದಲ್ಲಷ್ಟೇ ಹೀಗೆಂದು ತಿಳಿಯಬೇಡಿ. ನಿಂತ ಹೃದಯವನ್ನು ಮತ್ತೆ ನಡೆಸಲು ಎದೆಯೊತ್ತುವ ಕ್ರಮವನ್ನೇ ನೋಡಿ. ಹದಿನೈದು ಸಲ ಒತ್ತಿ ಎರಡು ಸಲ ಉಸಿರೂದಬೇಕೆಂದು ಒಂದು ತಲೆಮಾರಿನ ವೈದ್ಯರು ಕಲಿತಿದ್ದರು. 2005ರಲ್ಲಿ ಅದು ಮೂವತ್ತಕ್ಕೆ ಎರಡಾಯಿತು. ಮೊದಲು ಉಸಿರಿನ ದಾರಿ, ಆಮೇಲೆ ಎದೆ ಎಂಬ ಅನುಕ್ರಮವೂ 2010ರಲ್ಲಿ ತಿರುವುಮುರುವಾಗಿ, ಮೊದಲು ಎದೆಯೊತ್ತು ಎಂದಾಯಿತು. 1995ರಲ್ಲಿ ಪದವಿ ಪಡೆದು ಬಳಿಕ ಪುಸ್ತಕವನ್ನೇ ಮುಟ್ಟದ ವೈದ್ಯನು ಎಷ್ಟು ಸಜ್ಜನನಾಗಿದ್ದರೂ ಇಂದು ಹಳೆಯ ಕ್ರಮವನ್ನೇ ಅನುಸರಿಸುವನು.

ಆದುದರಿಂದಲೇ ಭಾರತೀಯ ವೈದ್ಯಕೀಯ ಪರಿಷತ್ತು 2002ರ ನೀತಿನಿಯಮಗಳಲ್ಲಿ, ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳನ್ನು ಮುಂದುವರಿದ ಶಿಕ್ಷಣಕ್ಕೆ ಮೀಸಲಿಡಬೇಕೆಂದು ವಿಧಿಸಿತು. ಇದು ಸ್ವಾಗತಾರ್ಹ. ಆದರೆ ಐದು ವರ್ಷಕ್ಕೆ ಮೂವತ್ತು ಗಂಟೆಯೆಂದರೆ ವರ್ಷಕ್ಕೆ ಆರು ಗಂಟೆ. ನಮ್ಮ ಪುರಾಣ ಪ್ರವಚನಗಳಿಗೆ ಕೂಡುವ ಶ್ರೋತೃಗಳೂ ಇದಕ್ಕಿಂತ ಹೆಚ್ಚು ಹೊತ್ತು ಕೂಡುತ್ತಾರೆ! ಆ ಆರು ಗಂಟೆಯೂ ಭಾಷಣ, ಭೋಜನ, ಪ್ರಮಾಣಪತ್ರಗಳಲ್ಲಿಯೇ ಮುಗಿದರೆ ರೋಗಿಗೆ ದಕ್ಕುವುದೇನು? ಕೇಳಿದ್ದು ಕಿವಿಯಲ್ಲಿಯೇ ಉಳಿದೀತು. ಕೈಗೆ ಇಳಿಯಬೇಕಾದರೆ ರೋಗಿಯ ಮಂಚದ ಬದಿಯಲ್ಲಿ, ಹಿರಿಯರ ಕಣ್ಣೆದುರಿನಲ್ಲಿ ಮಾಡಿ ಕಲಿಯಬೇಕು.

ಮಂಚದ ಬದಿಯ ಕಲಿಕೆಗೆ ನಮ್ಮ ನೆರೆನಾಡಿನಲ್ಲಿಯೇ ಒಂದು ಮಹೋನ್ನತ ಮಾದರಿಯಿದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದಲ್ಲಿ ಸೇವೆ ಸಲ್ಲಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1976ರಲ್ಲಿ ಗ್ರಾಮೀಣ ವೈದ್ಯರಾಗಿ ಹೋದಾಗ, ಕೆಂಪು ಚೇಳಿನ ಕಡಿತಕ್ಕೆ ಸಿಕ್ಕಿದ ಮಕ್ಕಳು ಕಣ್ಣೆದುರೇ ಸಾಯುತ್ತಿದ್ದರು. ಓದಿದ ಪುಸ್ತಕದಲ್ಲಿ ಅದಕ್ಕೆ ತಕ್ಕ ಉತ್ತರವಿರಲಿಲ್ಲ. ಅವರು ರೋಗಿಗಳ ಬಳಿಯೇ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರುಗಳನ್ನು ಬರೆದಿಟ್ಟರು. ನಡುವೆ ಪುಣೆಗೆ ಹೋಗಿ ಉನ್ನತ ಪದವಿ ಪಡೆದು ಮತ್ತೆ ಹಳ್ಳಿಗೇ ಮರಳಿದರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯು ಚೇಳಿನ ವಿಷವು ಹೃದಯಕ್ಕೆ ಮಾಡುವ ಕೇಡನ್ನು ತಡೆಯುವುದೆಂದು ಕಂಡುಕೊಂಡು, 1986ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತೀವ್ರವಾಗಿ ವಿಷವೇರಿದವರಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಧರ್ಮಪತ್ನಿ ಡಾ. ಪ್ರಮೋದಿನಿಯವರು ಈ ಸಂಶೋಧನೆಯಲ್ಲಿ ಸಹಭಾಗಿಗಳು. 2022ರಲ್ಲಿ ಭಾರತ ಸರಕಾರವು ಬಾವಸ್ಕರ್ ಅವರಿಗೆ ಪದ್ಮಶ್ರೀ ನೀಡಿತು. ಗ್ರಾಮದ ಸಣ್ಣ ದವಾಖಾನೆಯೂ ವಿದ್ಯಾಪೀಠವಾಗಬಲ್ಲದೆಂಬುದನ್ನು ಈ ದಂಪತಿಗಳು ಮಾಡಿ ತೋರಿಸಿದ್ದಾರೆ.

ತುರ್ತುಚಿಕಿತ್ಸೆಯನ್ನು ಪ್ರತ್ಯೇಕ ಶಾಸ್ತ್ರವೆಂದು ನಮ್ಮ ದೇಶವು ಅಂಗೀಕರಿಸಿದ್ದು 2009ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2008ರ ನವೆಂಬರ್ 1ರಂದು, ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾಗಿತ್ತು. ನಮ್ಮ ಬಾಗಲಕೋಟೆಯಲ್ಲಿ, 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅದರ ಆಸ್ಪತ್ರೆಗೆ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ಕಲಿಸುವವರನ್ನೇ ಕಲಿಸಿ ಸಿದ್ಧಪಡಿಸಬೇಕೆಂದು ಹೊರಟವರು ಆ ಪೂಜ್ಯರು. ಅವರ ಹೆಸರಿನ ನೆರಳಿನಲ್ಲಿ ವೈದ್ಯರ ಅಭ್ಯಾಸ ನಿರಂತರವಾಗಿ ನಡೆಯುವುದು ಸಹಜವೂ ಉಚಿತವೂ ಆಗಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಯೆಂದು ಘೋಷಿಸಿತು. ಪ್ರತಿಯೊಂದು ಪ್ರಕರಣವೂ ದಾಖಲಾದರೆ ಪ್ರತಿಯೊಂದೂ ಮುಂದಿನ ವೈದ್ಯನಿಗೆ ಪಾಠವಾಗುತ್ತದೆ.

ಇನ್ನು ನಮ್ಮ ಪಾಲಿನ ಕರ್ತವ್ಯ. ಒಳ್ಳೆಯ ಆಸ್ಪತ್ರೆಗಳಲ್ಲಿ ಸಾವು ಸಂಭವಿಸಿದಾಗ ವೈದ್ಯರು ಒಂದೆಡೆ ಕುಳಿತು, ಯಾರನ್ನೂ ನಿಂದಿಸದೆ, ಎಲ್ಲಿ ತಡವಾಯಿತು, ಏನು ತಪ್ಪಿತು ಎಂದು ವಿಮರ್ಶಿಸುತ್ತಾರೆ. ಪ್ರಾಮಾಣಿಕವಾದ ಆ ವಿಮರ್ಶೆಯೇ ಅವರ ಅತ್ಯುತ್ತಮ ಪಾಠ. ಆದರೆ ನಾವು ದುಃಖದ ಭರದಲ್ಲಿ ಕಿಟಕಿ ಒಡೆದು, ವೈದ್ಯನ ಮೇಲೆ ಕೈಮಾಡಿದರೆ ಏನಾಗುವುದು? ತಪ್ಪನ್ನು ಒಪ್ಪುವ ಬಾಯಿ ಮುಚ್ಚುತ್ತದೆ. ಮರುದಿನದಿಂದ ಅವನು ಯಾವ ಕಠಿಣ ರೋಗಿಯನ್ನೂ ಮುಟ್ಟದೆ ಚೀಟಿ ಬರೆದು ಮುಂದಕ್ಕೆ ಕಳಿಸುತ್ತಾನೆ. ದಾರಿಯಲ್ಲಿ ಹೋಗುವ ಜೀವ ನಮ್ಮ ಮನೆಯದೇ. ನಿರ್ಲಕ್ಷ್ಯಕ್ಕೆ ಕಾನೂನಿದೆ, ಅಲ್ಲಿ ಕೇಳೋಣ. ಅಂತೆಯೇ ಜಾತ್ರೆ-ದಾಸೋಹಗಳಿಗೆ ಉದಾರವಾಗಿ ಕೊಡುವ ಸದ್ಭಕ್ತರು, ತಾಲೂಕು ಆಸ್ಪತ್ರೆಯ ವೈದ್ಯರೂ ದಾದಿಯರೂ ಅಭ್ಯಾಸ ಮಾಡುವ ಒಂದು ಬೊಂಬೆಗಾಗಿ, ಒಂದು ತರಬೇತಿಗಾಗಿ ಕೈನೀಡಿದರೆ ಅದೂ ದಾಸೋಹವೇ.

ಆ ತರುಣ ವೈದ್ಯನು ಹೋದ ಸುಗ್ಗಿಯಲ್ಲಿ ಮತ್ತೆ ಬಂದಿದ್ದನು. ಹಾವು ಕಚ್ಚಿದ ಮೂವರನ್ನು ತನ್ನ ಕೇಂದ್ರದಲ್ಲಿಯೇ ಉಳಿಸಿಕೊಂಡೆನೆಂದು ಹೇಳಿದನು. “ಈಗ ಅಂಜಿಕೆ ಹೋಯಿತೇನಪ್ಪಾ?” ಎಂದೆ. “ಅಂಜಿಕಿ ಐತ್ರಿ ಅಜ್ಜಾರ. ಕೈ ನಡಗೂದಿಲ್ಲ,” ಎಂದನು. ಹೊರಡುವಾಗ ಅವನ ಚೀಲದಲ್ಲೊಂದು ಪುಸ್ತಕವಿತ್ತು. ಮುಂದಿನ ತಿಂಗಳ ತರಬೇತಿಗೆ ಓದಿಕೊಳ್ಳುತ್ತಿದ್ದೇನೆಂದು ತಿಳಿಸಿದನು.

ಆ ಹುಡುಗಿಯ ಹೆಸರನ್ನು ಅವನು ಆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾನೆ.