ಬೆಂಕಿ ಹಚ್ಚಬೇಡಿ, ಅಚ್ಚು ಹಾಕಿ!

ಪಟ್ಟಣದ ಕನ್ನಡದ ಹುಡುಗರೇ,

ಬೆಂಗಳೂರಿನಿಂದ ಹಾಸನಕ್ಕೆ ಬರುವಾಗ, ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ಒಂದು ಟೋಲ್‌ಗೇಟು ಅಡ್ಡ ಬರುತ್ತಲ್ಲ, ಅದೇ ನಮ್ಮ ಶಾಂತಿಗ್ರಾಮ. ಹೊಯ್ಸಳರ ರಾಣಿ ಶಾಂತಲೆಯ ಹೆಸರು ಹೊತ್ತ ಊರು. ಕನ್ನಡದ ಹಳೆಯ ಶಾಸನ ಸಿಕ್ಕ ಹಲ್ಮಿಡಿಯೂ ನಮ್ಮ ಜಿಲ್ಲೆಯದೇ. ನಾನು ಪಿಯುಸಿ ಮುಗಿಸಿ ಅಚ್ಚಿನ ಮಸಿಗೆ ಕೈಹಾಕಿದವನು. ಪಂಡಿತನಲ್ಲ. ಆದರೆ ಕನ್ನಡದ ಅಕ್ಷರ ನಂಬಿ ಅನ್ನ ತಿನ್ನುವವನು. ಆ ಹಕ್ಕಿನಿಂದಲೇ ನಿಮಗೆ ನಾಲ್ಕು ಖಾರದ ಮಾತು ಹೇಳುತ್ತೇನೆ. ಸಿಟ್ಟು ಬಂದರೂ ಪೂರ್ತಿ ಓದಿ.

2021ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮನೆಮನೆಗೆ ಕ್ರೈಸ್ತ ಪುಸ್ತಕ ಹಂಚುತ್ತಿದ್ದವರನ್ನು ತಡೆದು, ಪುಸ್ತಕ ಕಿತ್ತುಕೊಂಡು ಬೆಂಕಿ ಹಚ್ಚಿದರು. ಅದನ್ನು ಶೌರ್ಯ ಅಂತ ಮೆಚ್ಚಿಕೊಂಡವರೂ ಇದ್ದಾರೆ. ಅಂಥ ಶೌರ್ಯ ಕನ್ನಡದ ಬಾವುಟ ಹಿಡಿದ ನಿಮ್ಮ ಗುಂಪಿಗೂ ಅಂಟೀತು ಅನ್ನುವ ಭಯ ನನಗೆ. ಸ್ವಲ್ಪ ಯೋಚನೆ ಮಾಡಿ. ಕನ್ನಡದ ಹಳ್ಳಿಗೆ ಹಂಚಲು ಯಾರೂ ಇಂಗ್ಲಿಷ್ ಪುಸ್ತಕ ಹೊತ್ತು ತರುವುದಿಲ್ಲ. ಅಲ್ಲಿ ಬೆಂಕಿ ಇಟ್ಟರೆ ಉರಿಯುವುದು ಯಾವ ಅಕ್ಷರ? ಯಾರ ತಾಯ ಭಾಷೆ?

ಮತ ಪ್ರಚಾರ ಬೇಡ ಅನ್ನುವವರಿಗೆ ದಾರಿ ಸುಲಭ. ಪುಸ್ತಕ ಬೇಡ ಅನ್ನಿ, ಬಾಗಿಲು ಹಾಕಿಕೊಳ್ಳಿ. ತನ್ನ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಒತ್ತಾಯ ಮಾಡಿದರೆ, ಆಮಿಷ ಒಡ್ಡಿದರೆ ಪೊಲೀಸ್ ಠಾಣೆ ಇದೆ. ಕನ್ನಡ ಪುಸ್ತಕ ಸುಡುವ ಹಕ್ಕು ಮಾತ್ರ ಯಾವ ಕನ್ನಡಿಗನಿಗೂ ಇಲ್ಲ!

ಬೆಂಕಿ ಕಂಡ ಪುಸ್ತಕದ ಕಥೆ

ಬೆಂಕಿಯ ಮಾತು ಬಂತಲ್ಲ, ಇನ್ನೊಂದು ಬೆಂಕಿಯ ಕಥೆ ಕೇಳಿ. 1812ರ ಮಾರ್ಚ್ 11ರಂದು ಬಂಗಾಳದ ಸೆರಾಂಪುರದಲ್ಲಿ ಮಿಷನ್ ಅಚ್ಚುಮನೆ ಹೊತ್ತಿ ಉರಿಯಿತು. ಯಾರೂ ಹಚ್ಚಿದ್ದಲ್ಲ, ಅವಘಡ. ವಿಲಿಯಂ ಕೇರಿಯ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಬೂದಿಯಾಯಿತು. ಅಚ್ಚುಮೊಳೆಗಳು ಕರಗಿಹೋದವು. ಆ ಮನುಷ್ಯ ಏನು ಮಾಡಿದ? ಮತ್ತೆ ಮೊದಲಿನಿಂದ ಬರೆಯಲು ಕೂತ. 1817ರಲ್ಲಿ ಕನ್ನಡ ವ್ಯಾಕರಣ ಬಂತು, 1823ರಲ್ಲಿ ಹೊಸ ಒಡಂಬಡಿಕೆ ಬಂತು. ಇತ್ತ 1810ರಲ್ಲಿ ಬಳ್ಳಾರಿಗೆ ಬಂದಿಳಿದ ಜಾನ್ ಹ್ಯಾಂಡ್ಸ್, ಜೊತೆಗಾರ ವಿಲಿಯಂ ರೀವ್ ಸೇರಿ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅದೇ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ ಕೊಟ್ಟ.

ಮಂಗಳೂರಿನ ಬಾಸೆಲ್ ಮಿಷನ್ನಿನವರು ಮೊದಮೊದಲು ಕಲ್ಲಚ್ಚಿನಲ್ಲೇ ಕೆಲಸ ನಡೆಸಿದರು. ಎಣ್ಣೆ ಮಸಿಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಹಾಳೆ ಒತ್ತುವ ಕೆಲಸ. ಎಷ್ಟು ನಾಜೂಕು ಅನ್ನುವುದು ಈ ಕಸುಬಿನವನಿಗೆ ಗೊತ್ತು. ಹಾಗೆ ಅಚ್ಚಾದದ್ದೇ 1843ರ ಜುಲೈ 1ರ ‘ಮಂಗಳೂರ ಸಮಾಚಾರ’. ಕನ್ನಡದ ಮೊದಲ ಪತ್ರಿಕೆ. ಅದನ್ನು ನಡೆಸಿದ ಹರ್ಮನ್ ಮೋಗ್ಲಿಂಗ್ ಪಾದ್ರಿಯೇ ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತಗಳನ್ನೂ ಅಚ್ಚು ಹಾಕಿಸಿದ. ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದ. 1894ರಲ್ಲಿ 1,700ಕ್ಕೂ ಹೆಚ್ಚು ಪುಟದ, ಸುಮಾರು 70,000 ಪದಗಳ ನಿಘಂಟು ಕೊಟ್ಟ. ನೀವು ವರ್ಷವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡುತ್ತೀರಿ. ಕಿಟೆಲ್ ಪ್ರತಿಮೆಗೆ ಹಾರ ಹಾಕುತ್ತೀರಿ. ಆಮೇಲೆ ಅದೇ ಬೇರಿನ ಕನ್ನಡ ಪುಸ್ತಕಕ್ಕೆ ಕಡ್ಡಿ ಗೀರಲು ಮನಸ್ಸು ಹೇಗೆ ಬರುತ್ತೆ?

“ಅವರು ಮಾಡಿದ್ದು ಮತಾಂತರಕ್ಕೆ” ಅನ್ನುತ್ತೀರಿ. ಹೌದು, ಅದಕ್ಕೇ! ಸುಳ್ಳು ಯಾಕೆ ಹೇಳಲಿ? ನಮ್ಮ ದೇವರುಗಳನ್ನು ಹೀಯಾಳಿಸಿ ಬರೆದ ಕರಪತ್ರಗಳೂ ಅದೇ ಅಚ್ಚುಮನೆಗಳಿಂದ ಹೊರಟವು. ಪುಸ್ತಕದ ಮೇಲೆ ಪಾದ್ರಿಯ ಹೆಸರು ಬಂತು, ಪಕ್ಕದಲ್ಲಿ ಕೂತು ಸಾಲು ಸಾಲು ತಿದ್ದಿಕೊಟ್ಟ ಕನ್ನಡದ ಪಂಡಿತರ ಹೆಸರು ಮರೆಯಾಯಿತು. ಇದನ್ನೆಲ್ಲ ಎದೆತಟ್ಟಿ ಹೇಳೋಣ. ಆದರೆ ಒಂದು ಸತ್ಯವನ್ನು ನುಂಗಬೇಡಿ. ಕನ್ನಡಿಗನ ಮನಸ್ಸಿಗೆ ಹೊಗಬೇಕಾದರೆ ಕನ್ನಡದ ಬಾಗಿಲಿನಿಂದಲೇ ಹೊಗಬೇಕು ಅಂತ ಅವರಿಗೆ ತಿಳಿದಿತ್ತು. ಇವತ್ತಿನ ಬ್ಯಾಂಕಿಗೆ ತಿಳಿದಿಲ್ಲ, ಔಷಧಿ ಕಂಪನಿಗೆ ತಿಳಿದಿಲ್ಲ, ನಮ್ಮ ಹೈಟೆಕ್ ಆಸ್ಪತ್ರೆಗಳಿಗೂ ತಿಳಿದಿಲ್ಲ!

ಒಂದು ಸಣ್ಣ ನಾಣ್ಯದ ತಾಕತ್ತು

ಆ ಕೆಲಸಕ್ಕೆ ದುಡ್ಡು ಎಲ್ಲಿಂದ ಬಂತು? ಎಲ್ಲವೂ ಸಾಹುಕಾರರ ತಿಜೋರಿಯಿಂದ ಬರಲಿಲ್ಲ. 1855ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಊರಿನಲ್ಲಿ ಕಾರ್ಲ್ ಸರಾಸಿನ್ ಎಂಬಾತ ಒಂದು ಚಂದಾ ಶುರು ಮಾಡಿದ. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಚಿಲ್ಲರೆ ಕಾಸು. ಬಡವರೂ ಕೊಡಬಹುದಾದ ಕಾಸು. ಕನ್ನಡ ಅನ್ನುವ ಭಾಷೆಯನ್ನು ಕಿವಿಯಿಂದಲೂ ಕೇಳದ ಜನ ವಾರವಾರ ಕೊಟ್ಟ ಆ ಪುಡಿಗಾಸು ಸಮುದ್ರ ದಾಟಿ ಮಂಗಳೂರು, ಧಾರವಾಡಗಳ ಮಿಷನ್ನಿಗೂ ಆಸರೆಯಾಯಿತು.

ಇವತ್ತು ಪ್ರಪಂಚದ 700ಕ್ಕೂ ಹೆಚ್ಚು ಭಾಷೆಗಳಲ್ಲಿ ಪೂರ್ತಿ ಬೈಬಲ್ ಇದೆ. ನಮ್ಮ ಪಕ್ಕದ ತುಳುವಿಗೆ ಹೊಸ ಒಡಂಬಡಿಕೆ 1847ರಲ್ಲೇ ಬಂತು, ಅದೂ ಕನ್ನಡ ಲಿಪಿಯಲ್ಲಿ. ಅವರ ವರಸೆ ನೋಡಿ. ಮೊದಲು ಭಾಷೆ ಕಲಿ. ಅನುವಾದ ಮಾಡು. ಹಳೆಯದಾದರೆ ಮತ್ತೆ ತಿದ್ದು. ಅಗ್ಗಕ್ಕೆ ಅಚ್ಚು ಹಾಕು. ಸಂತೆಗೆ, ಜಾತ್ರೆಗೆ ಹೊತ್ತುಕೊಂಡು ಹೋಗು. ಇದರಲ್ಲಿ ನಮಗೆ ಬಾರದ ವಿದ್ಯೆ ಯಾವುದಿದೆ?

ಅಚ್ಚಿಗೆ ಅಚ್ಚೇ ಉತ್ತರ

ತಮಿಳರ ಹೆಸರೆತ್ತಿದೆ ಅಂತ ಮುಖ ಸಿಂಡರಿಸಬೇಡಿ. ಜಾಫ್ನಾದ ಆರುಮುಗ ನಾವಲರ್ ಅಪ್ಪಟ ಶೈವ. ಪೀಟರ್ ಪರ್ಸಿವಲ್ ಪಾದ್ರಿಯ ಜೊತೆ ಕೂತು ತಮಿಳು ಬೈಬಲ್ ಅನುವಾದಕ್ಕೆ ದುಡಿದವರು. ಪಾದ್ರಿಗಳಿಗೆ ಉತ್ತರ ಕೊಡಬೇಕು ಅನ್ನಿಸಿದಾಗ ಅವರು ಬೆಂಕಿಪೆಟ್ಟಿಗೆ ಹುಡುಕಲಿಲ್ಲ. 1849ರಲ್ಲಿ ಮದರಾಸಿಗೆ ಹೋಗಿ ಅಚ್ಚಿನ ಯಂತ್ರ ಕೊಂಡು ತಂದರು! ಶೈವ ಗ್ರಂಥಗಳನ್ನು ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದರು. ಗಂಡಸುತನ ಅಂದರೆ ಅದು.

ನಮ್ಮಲ್ಲೂ ಇದ್ದರು. ಹಾವೇರಿ ಕಡೆಯ ಗಳಗನಾಥರು ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮೈಸೂರು ವಿಶ್ವವಿದ್ಯಾನಿಲಯ ವಿಜ್ಞಾನ, ಆರೋಗ್ಯದ ವಿಷಯಗಳನ್ನು ಪ್ರಚಾರ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಳ್ಳಿಗೆ ಕಳಿಸಿತು. ಆ ಗಂಟು ಈಗ ಯಾರ ಹೆಗಲ ಮೇಲಿದೆ?

ಕ್ರೈಸ್ತರೆಲ್ಲ ಹೊರಗಿನವರು ಅನ್ನುವ ಮೂಢರಿಗೆ ಒಂದೇ ಹೆಸರು ಹೇಳುತ್ತೇನೆ: ಉತ್ತಂಗಿ ಚನ್ನಪ್ಪ. ಕ್ರೈಸ್ತ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರ ಗುಲ್ಬರ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಅವರೇ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ದಶಕಗಳ ಕಾಲ ಬೀದಿಗಿಳಿದು ಹೋರಾಡಿದವರು ಯಾರು? ಕನ್ನಡ ಕ್ರೈಸ್ತರು. ಅವರ ಕೈಯಲ್ಲಿರುವ ಕನ್ನಡ ಪ್ರಾರ್ಥನೆಯ ಪುಸ್ತಕ ನಮ್ಮ ಹೋರಾಟದ ಆಸ್ತಿ.

ಪುಸ್ತಕ ಹಂಚುವವರಿಗೂ ನನ್ನದೊಂದು ತಕರಾರಿದೆ. ಈಗ ನಿಮ್ಮ ಎಷ್ಟೋ ಕರಪತ್ರಗಳ ಕನ್ನಡ ಕಣ್ಣಿಗೆ ಕಸ ಬಿದ್ದ ಹಾಗೆ. ಪರದೇಶದ ಇಂಗ್ಲಿಷನ್ನು ಕಂಪ್ಯೂಟರಿಗೆ ತುರುಕಿ, ಉದುರಿದ್ದನ್ನು ಹಾಗೇ ಅಚ್ಚಿಗೆ ಕಳಿಸಿದರೆ ಆಯಿತೇ? ಕರಡು ತಿದ್ದುವವರಿಲ್ಲ. ಅನುವಾದಕನ ಹೆಸರಿಲ್ಲ. ಪ್ರಪಂಚಕ್ಕೆಲ್ಲ ಪುಸ್ತಕ ಕಳಿಸುವ ದುಡ್ಡಿದ್ದರೆ ಕನ್ನಡದ ಅನುವಾದಕನಿಗೆ ಮರ್ಯಾದೆಯ ಕೂಲಿ ಕೊಡಿ, ಒಳಪುಟದಲ್ಲಿ ಅವನ ಹೆಸರು ಹಾಕಿ. ಕಿಟೆಲನ ಹೆಸರು ಹೇಳಿಕೊಂಡು ಕೊಳಕು ಕನ್ನಡ ಹಂಚುವುದು ಅವನಿಗೂ ಅವಮಾನ, ನಮಗೂ ಅವಮಾನ.

ನೀವೇನು ಮಾಡುತ್ತೀರಿ?

ಈಗ ನಿಮ್ಮ ಸರದಿ. ನವೆಂಬರ್ ಬಂದರೆ ನನ್ನ ಅಚ್ಚುಮನೆಗೆ ಬಿಡುವಿಲ್ಲ. ರಸೀದಿ ಪುಸ್ತಕ, ಪೋಸ್ಟರು, ಸಂಘದ ಅಧ್ಯಕ್ಷರ ಮುಖ ತುಂಬಿದ ಕರಪತ್ರ. ಸಂತೋಷ, ನನ್ನ ಹೊಟ್ಟೆಯೂ ತುಂಬುತ್ತೆ. ಆದರೆ ರಾಜ್ಯೋತ್ಸವಕ್ಕೆ ಒಂದು ಪುಸ್ತಕ ಅಚ್ಚು ಹಾಕಿಸೋಣ ಅಂತ ಇವತ್ತಿನವರೆಗೆ ಒಬ್ಬ ಪದಾಧಿಕಾರಿಯೂ ನನ್ನ ಬಾಗಿಲಿಗೆ ಬಂದಿಲ್ಲ. ವೇದಿಕೆಯ ಮೇಲೆ ಗಂಟಲು ಹರಿದುಕೊಂಡ ಅದೇ ಅಭಿಮಾನಿ ಮಗಳ ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಮಾಡಿಕೊಡಿ ಅನ್ನುತ್ತಾನೆ!

ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ನಿಮ್ಮ ಸಂಘದಲ್ಲಿ 50 ಜನ ಇದ್ದೀರಿ. ತಲೆಗೆ ವಾರಕ್ಕೆ 10 ರೂಪಾಯಿ. ವಾರಕ್ಕೆ 500, ವರ್ಷಕ್ಕೆ 26,000. ಎರಡು ಫಾರಂ, ಅಂದರೆ 32 ಪುಟದ ಸಣ್ಣ ಪುಸ್ತಕ 1,000 ಪ್ರತಿ ತೆಗೆಯಲು ಆ ದುಡ್ಡು ಸಾಕು. ಬಾಡಿಗೆ ಕರಾರಿನಲ್ಲಿ ಏನಿರಬೇಕು? ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಏನು ಮಾಡಬೇಕು? ಸಕ್ಕರೆ ಕಾಯಿಲೆಯವರು ಕಾಲನ್ನು ಹೇಗೆ ನೋಡಿಕೊಳ್ಳಬೇಕು? ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಹೇಗೆ? ಇಂಗ್ಲಿಷ್ ಓದಿದ ನೀವು ಅನುವಾದ ಮಾಡಿ. ಡಾಕ್ಟರು, ವಕೀಲರ ಕೈಯಲ್ಲಿ ವಿಷಯ ತಿದ್ದಿಸಿ. ಒಬ್ಬ ಕನ್ನಡ ಮೇಷ್ಟ್ರ ಕೈಯಲ್ಲಿ ಭಾಷೆ ತಿದ್ದಿಸಿ. ಹಾಸನಾಂಬೆಯ ಬಾಗಿಲು ತೆಗೆದಾಗ ಸಾಲು ಮೈಲುದ್ದ ನಿಲ್ಲುತ್ತೆ, ಅಲ್ಲಿ ಹಂಚಿ. ಮೆಜೆಸ್ಟಿಕ್ಕಿನ ಬಸ್‌ಸ್ಟ್ಯಾಂಡಿನಲ್ಲಿ ಹಂಚಿ. ಸುವಾರ್ತೆ ಹಂಚುವವನು ಎದುರು ಸಿಕ್ಕರೆ ಅವನ ಕೈಗೂ ಒಂದು ಕೊಡಿ!

ಬಾಸೆಲಿನ ಬಡವ ತನ್ನದಲ್ಲದ ಭಾಷೆಯ ಪುಸ್ತಕಕ್ಕೆ ವಾರಕ್ಕೊಂದು ಕಾಸು ಕೊಟ್ಟ. ನೀವು ತಾಯ ಭಾಷೆಗೆ ಒಂದು ಟೀ ದುಡ್ಡು ಕೊಡಲಾರಿರಾ? ಕೊಡಲಾರೆವು ಅನ್ನುವುದಾದರೆ ಬಾವುಟ ಮಡಿಚಿ ಒಳಗಿಡಿ. ಕೊಡುತ್ತೇವೆ ಅನ್ನುವವರು ಈ ವಾರವೇ ಡಬ್ಬಿ ಇಡಿ, ಬರುವ ವಾರ ಅನುವಾದಕ್ಕೆ ಕೂರಿ. ಬೆಂಕಿ ಹಚ್ಚಲು ಒಂದು ಕಡ್ಡಿ ಸಾಕು, ಹೇಡಿಯೂ ಗೀರುತ್ತಾನೆ. ಅಚ್ಚು ಹಾಕಲು ಎದೆ ಬೇಕು.

ಸಿರಿಗನ್ನಡಂ ಗೆಲ್ಗೆ!