ಮನೆಗೊಪ್ಪುವ ಕಿಟಕಿ

ಮನೆಯ ಅಂದವನ್ನು ಕುರಿತು ಮಾತನಾಡುವಾಗ ನಾವು ಗೋಡೆಯ ಬಣ್ಣವನ್ನೂ ಹೆಬ್ಬಾಗಿಲ ಕೆತ್ತನೆಯನ್ನೂ ಹೊಗಳುತ್ತೇವೆ; ಕಿಟಕಿಯನ್ನು ಮರೆತುಬಿಡುತ್ತೇವೆ. ಆದರೆ ಮನೆಗೆ ಮುಖವೆಂಬುದಿದ್ದರೆ ಕಿಟಕಿಯೇ ಅದರ ಕಣ್ಣು. ಮುಖ ಒಂದು ಬಗೆ, ಕಣ್ಣು ಇನ್ನೊಂದು ಬಗೆಯಾದರೆ ನೋಡುವವರಿಗೆ ಹಿತವಾದೀತೆ?

ಇಂದು ನಮ್ಮ ಊರುಗಳಲ್ಲಿ ಆಗುತ್ತಿರುವುದು ಇದೇ. ಮಂಗಳೂರು ಹೆಂಚಿನ ಹಳೆಯ ಮನೆಗಳಿಂದ ಮರದ ಕಿಟಕಿಗಳನ್ನು ಕಿತ್ತು, ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಗಾಜುಗಳನ್ನು ಕೂಡಿಸುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ಇಡೀ ಗಾಜಿನ ಮೇಲೆ ತೆಳುವಾದ ಪಟ್ಟಿಗಳನ್ನು ಅಂಟಿಸಿ, ಇಂಗ್ಲೆಂಡಿನ ಹಳೆಯ ಮನೆಗಳಂತೆ ಚೌಕುಳಿ ಮಾಡಿಸುವುದೂ ಉಂಟು.

ಆ ಚೌಕುಳಿ ಹುಟ್ಟಿದ್ದೇಕೆ? 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಜನ್ನು ಊದಿ, ತಿರುಗಿಸಿ, ತಟ್ಟೆಯಂತೆ ಹರಡುತ್ತಿದ್ದರು. ಅದರಿಂದ ದೊಡ್ಡ ಹಲಗೆ ಕತ್ತರಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಮೇಲಿನ ಕದಕ್ಕೆ ಆರು, ಕೆಳಗಿನದಕ್ಕೆ ಆರು ತುಂಡುಗಳನ್ನು ಮರದ ಪಟ್ಟಿಗಳಲ್ಲಿ ಹಿಡಿಸಿದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು 1959ರಲ್ಲಿ ಪಿಲ್ಕಿಂಗ್‌ಟನ್ ಸಂಸ್ಥೆ ಪ್ರಕಟಿಸಿದ ಬಳಿಕವಂತೂ ಎಷ್ಟು ದೊಡ್ಡ ಗಾಜಾದರೂ ಸುಲಭವಾಯಿತು. ಅಲ್ಲಿ ಅಂದು ಅನಿವಾರ್ಯವಾಗಿದ್ದುದು ಇಲ್ಲಿ ಇಂದು ಬರಿಯ ವೇಷ.

ನಮ್ಮ ಹಿರಿಯರ ಕಿಟಕಿಗಳಿಗೂ ಕಾರಣಗಳಿದ್ದುವು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಲ್ಲಿನ ಜಾಲಂಧ್ರಗಳು ಬಿಸಿಲನ್ನು ಸೋಸಿ ಒಳಗೆ ಬಿಡುತ್ತವೆ. ಹಳೆಯ ಮನೆಗಳ ನಾಲ್ಕು ಕದದ ಕಿಟಕಿಯಲ್ಲಿ ಕೆಳಗಿನ ಎರಡನ್ನು ಮುಚ್ಚಿದರೆ ಮರೆ, ಮೇಲಿನ ಎರಡನ್ನು ತೆರೆದರೆ ಗಾಳಿ. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪಾದ 'ಮಂಕಿ ಟಾಪ್' ನೆರಳಿಗೂ ಆಯಿತು, ಮಳೆಯ ಇರಚಲಿಗೂ ಆಯಿತು. ಇವುಗಳ ಬದಲಿಗೆ ಬಂದ ಎರಡು ಕದಗಳ ಸರಿಯುವ ಕಿಟಕಿಯನ್ನು ಎಷ್ಟು ತೆರೆದರೂ ತೆರವಾಗುವುದು ಅರ್ಧವೇ! ಗಾಳಿಗೆ ದಾರಿಯಿಲ್ಲ, ಗಾಜಿಗೆ ಮಾತ್ರ ಸಿಂಗಾರ.

ಸಾಗುವಾನಿಯ ಬೆಲೆ ಬಡವನಿಗೆ ಎಟಕುವುದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಕೇಳುತ್ತಿರುವುದು ಮರವನ್ನಲ್ಲ, ವಿವೇಕವನ್ನು. ಅಲ್ಯೂಮಿನಿಯಮ್ಮಿನಲ್ಲಿಯೂ ತಿರುಗಣಿಯ ಮೇಲೆ ಪೂರ್ತಿ ತೆರೆಯುವ ಕದಗಳನ್ನು ಮಾಡಬಹುದು. ಇಳಿಜಾರು ಹೆಂಚಿನ ಮನೆಗೆ ಎತ್ತರವಾದ, ಕಿರಿದಾದ ಗಾಜುಗಳು ಒಪ್ಪುತ್ತವೆ; ಅವುಗಳಲ್ಲಿ ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಚಪ್ಪಟೆ ತಾರಸಿಯ ಕಾಂಕ್ರೀಟು ಮನೆಗೆ ಪಟ್ಟಿಯಿಲ್ಲದ ಅಗಲವಾದ ಗಾಜೇ ಸಹಜ. ಅದರ ಮೇಲೊಂದು ಸಜ್ಜ ಇರಲಿ, ಪಡುವಣ ಗೋಡೆಯಲ್ಲಿ ಅಂಥ ಗಾಜು ಬೇಡ.

ಮಿತ್ರರೆ, ನಾಳೆ ಮನೆ ಕಟ್ಟುವವರೂ, ತಂದೆತಾತಂದಿರ ಮನೆಯನ್ನು ದುರಸ್ತಿ ಮಾಡಿಸುವವರೂ ನಾವೇ ಅಲ್ಲವೆ? ನೆರೆಮನೆಯನ್ನು ನೋಡಿ ಕಿಟಕಿಯನ್ನು ಆರಿಸುವುದಕ್ಕೆ ಮೊದಲು ನಮ್ಮ ಮಾಡನ್ನೂ ಗೋಡೆಯನ್ನೂ ಬಿಸಿಲು ಬೀಳುವ ದಿಕ್ಕನ್ನೂ ಒಮ್ಮೆ ನೋಡೋಣ. ಕಿಟಕಿ ಹೊರಗಿನವರ ಮೆಚ್ಚುಗೆಗಿಂತ ಹೆಚ್ಚಾಗಿ, ಒಳಗಿರುವವರ ಉಸಿರಿಗಾಗಿ ಇರತಕ್ಕದ್ದು.